ಬೆನ್ನಿಗೆ ಬಿಗಿದ ಬ್ಯಾಗು

ಮೇ ತಿಂಗಳು ಮುಗಿಯಲು ಒಂಬತ್ತು ದಿನ ಇರುವಾಗ ಉಮಾ ಕುಮಟೆಯ ಸ್ಟುಡಿಯೋಗೆ ಬಂದಳು. ಕಂಪ್ಯೂಟರಿನಲ್ಲಿ ಮದುಮಗಳೊಬ್ಬಳ ಮೊಡವೆ ಅಳಿಸುತ್ತ ಕೂತಿದ್ದ ಸುದರ್ಶನನ ಮುಂದೆ ಒಂದು ನಕಾಶೆ ಹರಡಿ, ಸಮುದ್ರದ ನಡುವಿನ ಚುಕ್ಕೆಯ ಮೇಲೆ ಬೆರಳಿಟ್ಟಳು. ಹೊನ್ನಾವರದಿಂದ ದೋಣಿಯಲ್ಲಿ ಎರಡು ತಾಸಿನ ದಾರಿ. ಗಾಳಿ ಹೊಕ್ಕರೆ ಗುಂಯ್ ಎನ್ನುವ ಗವಿ ಇರುವುದರಿಂದ ಅದಕ್ಕೆ ಗುಂಯ್ಗಲ್ಲು ಎಂದು ಹೆಸರು. ಆ ಗವಿಯ ಗೋಡೆಗೆ ಸಣ್ಣ ಹಕ್ಕಿಗಳು ತಮ್ಮ ಜೊಲ್ಲಿನಿಂದಲೇ ಗೂಡು ಅಂಟಿಸುತ್ತವೆ. ದುಬಾರಿ ಸೂಪಿಗೆ ಬೇಕೆಂದು ಆ ಗೂಡನ್ನು ಕೆರೆದು ಕದ್ದು ಮಾರುವವರೂ ಇದ್ದಾರೆ. ತಿಂಗಳ ಕೊನೆಯೊಳಗೆ ಒಂದೊಂದು ಗೂಡನ್ನೂ ಎಣಿಸಬಹುದಾದಂಥ ಫೋಟೋ ಕೊಟ್ಟರೆ, ಮುಂದಿನ ಹಂಗಾಮಿಗೆ ಅಲ್ಲಿ ಕಾವಲು ಹಾಕುವುದಾಗಿ ಅರಣ್ಯ ಇಲಾಖೆಯವರು ಒಪ್ಪಿದ್ದರು. ಮಳೆ ಹಿಡಿಯಿತೆಂದರೆ ಅತ್ತ ಯಾವ ದೋಣಿಯೂ ಹೋಗದು. ಮುಂದಿನ ವರ್ಷ ಹೋಗಲು ಆಗ ಗೂಡು ಇರಬೇಕಲ್ಲ?

ಉಮಾ ಹೊನ್ನಾವರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದಳು. ಓದುವಾಗ ಸುದರ್ಶನನ ಜೊತೆಗಾತಿ. ಅವನ ಕೈಯಲ್ಲಿ ಕ್ಯಾಮೆರಾ ಚೆನ್ನಾಗಿ ಕೂರುತ್ತದೆ, ಬಾಯಲ್ಲಿ ಮಾತು ಕೂರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಆಸಾಮಿ ಎದುರಿಗೇ ನಿಂತಂತೆ ಆಡಿ ತೋರಿಸುತ್ತಿದ್ದ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಸಾರಿದಾಗ ನಿಜವಾದ ಪ್ರಿನ್ಸಿಪಾಲರೂ ಛತ್ರಿ ಹಿಡಿದು ಮನೆಗೆ ಹೊರಟರು ಎಂಬುದು ಅವನೇ ಹಬ್ಬಿಸಿದ ಸುದ್ದಿ.

ಒಪ್ಪಿಕೊಂಡ ಮೇಲೆ ಅವನನ್ನು ಕಾಡಿದ್ದು ಸಮುದ್ರವಲ್ಲ, ಬ್ಯಾಗು. ಮದುವೆಮನೆಗಳಿಗೆ ಒಯ್ಯುತ್ತಿದ್ದ ಹಳೇ ಚೀಲದ ಹೊಲಿಗೆ ಬಿಟ್ಟು ಲೆನ್ಸು ಹೊರಗೆ ಇಣುಕುತ್ತಿತ್ತು. ಮರುದಿನವೇ ಬಸ್ ಹತ್ತಿ ಭಟ್ಕಳಕ್ಕೆ ಹೋದ. ಅಂಗಡಿಯ ಸಾಹೇಬರು ಮೂರು ಬ್ಯಾಗು ತಂದಿಟ್ಟು, ಒಯ್ಯುವುದು ಬಸ್ಸಿಗೋ, ಬೆಟ್ಟಕ್ಕೋ, ನೀರಿಗೋ ಎಂದು ವಿಚಾರಿಸಿದರು. ಎಲ್ಲದಕ್ಕೂ ಎಂದ ಸುದರ್ಶನ. ಎಲ್ಲದಕ್ಕೂ ಆಗುವಂಥದ್ದು ಯಾವುದೂ ಇಲ್ಲವೆಂದು ನಕ್ಕ ಅವರು, ನೀರಿಗಾದರೆ ಹೆಗಲಿಂದ ತಟ್ಟನೆ ಜಾರಿಸುವಂಥ ಅಡ್ಡ ಚೀಲ ಸಾಕು ಎಂದು ಒಂದನ್ನು ಮುಂದೆ ಸರಿಸಿದರು. ಬೂದು ಬಣ್ಣದ, ಯಾವ ಠೀವಿಯೂ ಇಲ್ಲದ ಚೀಲ.

ಸುದರ್ಶನನ ಕಣ್ಣು ಆಗಲೇ ಮೂರನೆಯದರ ಮೇಲೆ ನೆಟ್ಟಿತ್ತು. ಕಪ್ಪನೆಯ ಬೆನ್ನಚೀಲ. ಎದೆಗೊಂದು ಪಟ್ಟಿ, ಸೊಂಟಕ್ಕೊಂದು ಪಟ್ಟಿ, ಒಳಗೆ ಕಿತ್ತು ಅಂಟಿಸಬಹುದಾದ ಮೆತ್ತನೆಯ ಅಡ್ಡಗೋಡೆಗಳು. ಹಿಮಾಲಯ ಹತ್ತುವವರ ಬೆನ್ನಿನಲ್ಲಿ ಅಂಥದ್ದನ್ನೇ ನೋಡಿದ್ದ. ಅದಕ್ಕೆ ಹದಿನಾಲ್ಕು ಜಿಪ್ಪು. ಅವನ ಬಾಯಿಗೆ ಒಂದೂ ಇರಲಿಲ್ಲ. ಸಾಹೇಬರ ದನಿಯಲ್ಲೇ ಸಾಹೇಬರಿಗೆ ಬ್ಯಾಗಿನ ಗುಣಗಾನ ಮಾಡಿ, ಅವರನ್ನೂ ನಗಿಸಿ, ಅದನ್ನು ಬೆನ್ನಿಗೆ ಬಿಗಿದು ಕನ್ನಡಿಯ ಮುಂದೆ ನಿಂತ. ಕನ್ನಡಿ ಏನು ಹೇಳಿತೋ, ಅದೇ ಅವನಿಗೆ ಕೊನೆಯ ಮಾತಾಯಿತು.

ಹೊರಡುವ ದಿನ ಬೆಳಿಗ್ಗೆ ಹೊನ್ನಾವರದ ಪಕ್ಕದ ಕಾಸರಕೋಡಿನ ದಕ್ಕೆಯಲ್ಲಿ ದೋಣಿಯ ಮಂಜಣ್ಣ ಕಾದಿದ್ದ. ಐವತ್ತು ದಾಟಿದ ಮೀನುಗಾರ. ಮಳೆಗಾಲದಲ್ಲಿ ಊರಿನವರ ಬಲೆಗಳನ್ನೆಲ್ಲ ಹೆಣೆದು ಕೊಡುವ ಕೈ. ಚಹಾ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಕಪ್ಪು ಬ್ಯಾಗನ್ನು ಅವನು ಎತ್ತಿ ನೋಡಿದ, ತೂಕಕ್ಕೆ ಹುಬ್ಬೇರಿಸಿದ. ಆಮೇಲೆ ದೋಣಿಯಲ್ಲಿದ್ದ ನೀಲಿ ಡ್ರಮ್ಮನ್ನು ತೋರಿಸಿದ. ತಿರುಪಿನ ಮುಚ್ಚಳ ಹಾಕಿದರೆ ಹನಿ ನೀರೂ ಹೋಗದ ಆ ಡ್ರಮ್ಮಿನಲ್ಲಿ ಮೀನುಗಾರರು ಫೋನು, ಬುತ್ತಿ, ಒಣಬಟ್ಟೆ ಇಡುತ್ತಾರೆ.

“ಸಾಮಾನು ಅದರಲ್ಲಿ ಹಾಕು, ತಮಾ. ಕಲ್ಲಿಗೆ ಹಾರುವಾಗ ಮನುಷ್ಯ ಖಾಲಿ ಹೋಗಬೇಕು. ಸಾಮಾನು ಹಗ್ಗದಲ್ಲಿ ಬತ್ತದೆ. ಮೈಗೆ ಎಂತದೂ ಕಟ್ಕಣಬೇಡ.”

ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಮಂಜಣ್ಣನಿಗೆ ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುವ ರೂಢಿ. ಸುದರ್ಶನನಿಗೆ ಅಷ್ಟು ಸಾಕಾಯಿತು. ಎದ್ದು ನಿಂತು, ಅದೇ ಉಸಿರು, ಅದೇ ನಿಲುಗಡೆ, ಅದೇ ಬೆರಳಾಡಿಸುವಿಕೆಯಲ್ಲಿ ಡ್ರಮ್ಮಿನ ಪುರಾಣವನ್ನು ಪೂರ್ತಿ ಆಡಿ ತೋರಿಸಿದ. ಚಹಾ ಅಂಗಡಿಯವನು ನಕ್ಕ, ಬಲೆ ಹೊತ್ತು ಹೋಗುತ್ತಿದ್ದವರು ನಿಂತು ನಕ್ಕರು. ಮಂಜಣ್ಣನೂ ನಕ್ಕ. ನಕ್ಕು ಗ್ಲಾಸು ಕೆಳಗಿಟ್ಟು, “ಆತು, ಹೊರಡ್ವ” ಎಂದ. ಅಷ್ಟೆ. ಉಮಾ ಮಾತ್ರ ನಗಲಿಲ್ಲ ಎಂಬುದು ಸುದರ್ಶನನಿಗೆ ಬಹಳ ತಡವಾಗಿ ನೆನಪಿಗೆ ಬಂತು.

ಶರಾವತಿ ಕಡಲಿಗೆ ಸೇರುವ ಅಳಿವೆಯಲ್ಲಿ ದೋಣಿ ಎರಡು ಸಲ ಮೂಗು ಎತ್ತಿ ಇಳಿಸಿ ಹೊರಗೆ ಬಿತ್ತು. ಹಿಂದೆ ಸೇತುವೆಯೂ ತೆಂಗಿನ ಸಾಲೂ ಸಣ್ಣದಾಗುತ್ತ ಹೋದವು. ಅವುಗಳ ಆಚೆ ಘಟ್ಟದ ನೀಲಿ ಗೆರೆ, ಅದರ ನೆತ್ತಿಯ ಮೇಲೆ ಮಳೆಯ ಮೊದಲ ಮೋಡಗಳು ಒಂದರ ಬೆನ್ನಿಗೆ ಒಂದು ಒರಗಿ ಕೂತಿದ್ದವು. ನೀರು ನದಿಯ ಕೆಂಚುಬಣ್ಣ ಬಿಟ್ಟು ಹಸಿರಾಯಿತು, ಹಸಿರು ಬಿಟ್ಟು ಕಪ್ಪಾಯಿತು. ಬಿಸಿಲಿದ್ದರೂ ಪಶ್ಚಿಮದ ಗಾಳಿಯಲ್ಲಿ ತಣ್ಣನೆಯ ಎಳೆಯೊಂದಿತ್ತು. ಮಂಜಣ್ಣ ಆಗಾಗ ಅತ್ತ ಮುಖ ಮಾಡಿ ಮೂಸುವವನಂತೆ ನೋಡುತ್ತಿದ್ದ. ಎಂಟು ಗಂಟೆಯ ಹೊತ್ತಿಗೆ ಗುಂಯ್ಗಲ್ಲು ನೀರಿನಿಂದ ನೆಟ್ಟಗೆ ಎದ್ದು ನಿಂತಿತು. ಬುಡಕ್ಕೆಲ್ಲ ಚಿಪ್ಪಿನ ಗರಗಸ, ಪಶ್ಚಿಮಕ್ಕೆ ಗವಿಯ ಬಾಯಿ.

ದೋಣಿ ಕಟ್ಟಲು ಅಲ್ಲಿ ಜಾಗವಿಲ್ಲ. ತೆರೆ ದೋಣಿಯನ್ನು ಎತ್ತಿದ ಗಳಿಗೆಯಲ್ಲೇ ಕಲ್ಲಿಗೆ ಹಾರಬೇಕು. ಉಮಾ ಹಾರಿದಳು. ಸುದರ್ಶನ ಹಾರಿದ. ಹೇಳಿದ ಹಾಗೆಯೇ, ಖಾಲಿ ಬೆನ್ನಿನಲ್ಲಿ. ಬ್ಯಾಗು ಹಗ್ಗಕ್ಕೆ ಜೋತು ಬಂತು. ಬರುವಾಗ ಒಮ್ಮೆ ತೂಗಾಡಿ ಕಲ್ಲಿಗೆ ಬಡಿಯಿತು.

ತೆರೆದು ನೋಡಿದರೆ ಹೊರಕಿಸೆಯಲ್ಲಿದ್ದ ಫಿಲ್ಟರು ಒಡೆದಿತ್ತು. ಬೇರೆ ಏನೂ ಆಗಿರಲಿಲ್ಲ. ಆದರೂ ಸುದರ್ಶನನ ಮುಖ ಕೆಟ್ಟಿತು. ಇನ್ನು ಈ ಹಗ್ಗದ ಸಹವಾಸ ಸಾಕು ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟ.

ಇಳಿತವಿದ್ದುದರಿಂದ ಗವಿಯೊಳಗೆ ಮೊಣಕಾಲುದ್ದ ನೀರು. ಇಪ್ಪತ್ತು ಹೆಜ್ಜೆ ಹೋಗುವುದರೊಳಗೆ ಬೆಳಕು ಹಿಂದೆ ಉಳಿಯಿತು. ತಲೆಯ ಮೇಲೆ ಕತ್ತಲು ಟಿಕ್ ಟಿಕ್ ಎನ್ನುತ್ತಿತ್ತು. ಹಕ್ಕಿಗಳು ಆ ಸದ್ದಿನ ಮರುದನಿ ಕೇಳಿಯೇ ದಾರಿ ಹಿಡಿಯುತ್ತವೆ ಎಂದು ಉಮಾ ಕಿವಿಯಲ್ಲಿ ಹೇಳಿದಳು. ಯಾವ ದನಿಯನ್ನೂ ಬಿಡದ ಸುದರ್ಶನ ಆ ದನಿಯನ್ನು ಮಾತ್ರ ಅನುಕರಿಸಲಿಲ್ಲ. ಅವಳು ಟಾರ್ಚಿಗೆ ಕೆಂಪು ಕಾಗದ ಸುತ್ತಿ ಹಿಡಿದಳು. ಬೊಗಸೆಯನ್ನು ಅರ್ಧಕ್ಕೆ ಕೊಯ್ದು ಗೋಡೆಗೆ ಅಂಟಿಸಿದಂಥ ಗೂಡುಗಳು ಒಂದೊಂದಾಗಿ ಕಂಡವು. ಒಂದರಲ್ಲಿ ರೆಕ್ಕೆ ಮೂಡದ ಎರಡು ಮರಿಗಳು ಬೆರಳಿನ ಗೆಣ್ಣುಗಳಂತೆ ಒತ್ತಿಕೊಂಡು ಮಲಗಿದ್ದವು.

ಕ್ಯಾಮೆರಾವನ್ನು ಮೂರುಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಉಸಿರು ಹಿಡಿದು, ಗೋಡೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತುಂಡು ತುಂಡಾಗಿ ಫೋಟೋ ತೆಗೆದ. ಉಮಾ ಮೂವತ್ತೊಂದು ಗೂಡು ಎಣಿಸಿ ಪುಸ್ತಕದಲ್ಲಿ ಬರೆದುಕೊಂಡಳು. ಅಷ್ಟರಲ್ಲಿ ನೀರು ತೊಡೆಗೆ ಬಂದಿತ್ತು.

ಹೊರಗೆ ಕಡಲು ಬದಲಾಗಿತ್ತು. ತೆರೆಗಳ ನಡುವಿನ ಹಳ್ಳ ಆಳವಾಗಿತ್ತು. ಉಮಾ ಹಾರಿ ದೋಣಿಯೊಳಗೆ ಬಿದ್ದಳು. ಮಂಜಣ್ಣ ಬ್ಯಾಗಿಗೆಂದು ಹಗ್ಗ ಎಸೆದ.

ಸುದರ್ಶನ ಹಗ್ಗ ಮುಟ್ಟಲಿಲ್ಲ. ಬ್ಯಾಗು ಬೆನ್ನಿಗೇರಿಸಿದ. ಎದೆಯ ಪಟ್ಟಿ ಬಿಗಿದ, ಸೊಂಟದ ಪಟ್ಟಿ ಬಿಗಿದ.

ಮಂಜಣ್ಣ ಬಾಯಿ ತೆರೆದ. ತೆರೆದು, ಮುಚ್ಚಿಕೊಂಡ.

ಸುದರ್ಶನ ಹಾರಿದ. ಅರ್ಧ ಉಸಿರಿನಷ್ಟು ತಡವಾಯಿತು. ದೋಣಿ ಕೆಳಗಿಳಿಯುತ್ತಿತ್ತು. ಬೆನ್ನ ಭಾರ ಅವನನ್ನು ಹಿಂದಕ್ಕೆ ಎಳೆಯಿತು. ಎದೆ ದೋಣಿಯ ಅಂಚಿಗೆ ಬಡಿದು, ಕಾಲು ನೀರಿಗೆ ಜಾರಿತು. ದೋಣಿಗೂ ಕಲ್ಲಿಗೂ ನಡುವೆ ನೇತಾಡಿದ. ಪಟ್ಟಿ ಬಿಚ್ಚಲು ನೋಡಿದ. ಒದ್ದೆಯಾದ ಬ್ಯಾಗಿನ ಜಗ್ಗಾಟಕ್ಕೆ ಬಿಗಿದ ಕೊಂಡಿ ಬಿಚ್ಚಿಕೊಳ್ಳಲಿಲ್ಲ.

ಮುಂದಿನ ತೆರೆ ದೋಣಿಯನ್ನು ಕಲ್ಲಿನತ್ತ ಹೊತ್ತು ತಂದಿತು.

ಮಂಜಣ್ಣ ಎಡಗೈಯಲ್ಲಿ ಬ್ಯಾಗಿನ ಹಿಡಿಕೆ ಹಿಡಿದ. ಬಲಗೈ ಚಾಚಿ ಕಲ್ಲಿಗೆ ಒತ್ತಿದ. ಸುದರ್ಶನನ ಬೆನ್ನು ಉಳಿಯುವಷ್ಟು ಸಂದು ಉಳಿಯಿತು. ಕೈಗೆ ಉಳಿಯಲಿಲ್ಲ.

ದೋಣಿಗೂ ಕಲ್ಲಿಗೂ ನಡುವೆ ಬೆರಳು ಜಜ್ಜಿದ ಆ ಸದ್ದು ಸುದರ್ಶನನಿಗೆ ಕೇಳಿಸಿತು. ಮುಂದೆ ಯಾವ ಸದ್ದನ್ನು ಮರೆತರೂ ಅದನ್ನು ಮರೆಯಲಾರ.

ದೋಣಿಯೊಳಗೆ ಎಳೆಸಿಕೊಂಡು ಬಿದ್ದವನು ಎದ್ದು ನೋಡುವಾಗ ಮಂಜಣ್ಣ ಹಲಗೆಯ ಮೇಲೆ ಕೂತು, ತನ್ನ ಬಲಗೈಯನ್ನು ಬೇರೆ ಯಾರದ್ದೋ ಎಂಬಂತೆ ನೋಡುತ್ತಿದ್ದ. ಕಿರುಬೆರಳೂ ಉಂಗುರದ ಬೆರಳೂ ನೋಡುವ ಹಾಗಿರಲಿಲ್ಲ. ಉಮಾ ಓಢಣಿ ಹರಿದು ಸುತ್ತಿದಳು. ಕೈ ಅಲುಗಬಾರದು, ಗಟ್ಟಿಯಾದದ್ದು ಏನಾದರೂ ಬೇಕು ಎಂದಳು. ಸುದರ್ಶನ ಬ್ಯಾಗು ತೆರೆದು ಒಳಗಿನ ಅಡ್ಡಗೋಡೆಗಳನ್ನು ಚರ್ರನೆ ಕಿತ್ತ. ಎರಡನ್ನು ಕೈಯ ಕೆಳಗೂ ಪಕ್ಕಕ್ಕೂ ಇಟ್ಟು, ಸೊಂಟದ ಪಟ್ಟಿಯನ್ನು ಕೊಯ್ದು ಕಟ್ಟಿದ. ಗೂಡು ಕಳಚಿದ ಲೆನ್ಸುಗಳು ದೋಣಿಯ ತಳದ ಉಪ್ಪುನೀರಿನಲ್ಲಿ ಉರುಳಾಡಿದವು. ಉಮಾ ಕ್ಯಾಮೆರಾವನ್ನಷ್ಟೇ ಹಿಡಿದು ಮಂಜಣ್ಣನ ಒಣಲುಂಗಿಯ ಜೊತೆ ಡ್ರಮ್ಮಿಗೆ ಹಾಕಿ ತಿರುಪು ಬಿಗಿದಳು.

ಇಂಜಿನ್ನಿನ ಹಿಡಿ ಸುದರ್ಶನನ ಪಾಲಿಗೆ ಬಂತು. ಒಂದು ಕೈಯಲ್ಲಿ ಹಿಡಿ, ಇನ್ನೊಂದರಲ್ಲಿ ದೋಣಿಯ ಅಂಚು, ಎರಡೂ ಬೇಕು. ಮಂಜಣ್ಣನಿಗೆ ಈಗ ಇದ್ದದ್ದು ಒಂದೇ.

ಬಯಲು ಕಡಲಿನಲ್ಲಿ ಹೇಗೋ ಸಾಗಿತು. ಮಧ್ಯಾಹ್ನದ ಹೊತ್ತಿಗೆ ಅಳಿವೆ ಎದುರಾಯಿತು. ಹೋಗುವಾಗ ಎರಡು ಮಡಿಕೆಯಿದ್ದ ನೀರು ಈಗ ಅಡ್ಡಡ್ಡಲಾಗಿ ಬೆಳ್ಳಗೆ ಒಡೆಯುತ್ತಿತ್ತು.

“ನಿಲ್ಸು,” ಎಂದ ಮಂಜಣ್ಣ. ಮುಖ ಸುಣ್ಣದಂತಾಗಿತ್ತು. “ದೊಡ್ಡವು ಮೂರು ಹೋಗ್ಲಿ. ಮೂರನೇದರ ಬೆನ್ನ ಹಿಂದೆ ಹೋಗು. ಅದರ ಮುಂದೆ ಹೋದ್ರೆ ಮಗುಚ್ತದೆ. ತೀರಾ ಹಿಂದೆ ಉಳಿದ್ರೆ ಮತ್ತೊಂದು ಬಂದು ನುಂಗ್ತದೆ.”

ಒಂದು ಹೋಯಿತು. ಎರಡು ಹೋಯಿತು. ಮೂರನೆಯದು ದೋಣಿಯನ್ನು ಎತ್ತಿ ಇಳಿಸಿ ಮುಂದೆ ಹೋಯಿತು.

“ಈಗ.”

ಸುದರ್ಶನ ಹಿಡಿ ತಿರುಗಿಸಿದ. ಎದುರಿಗೆ ನೀರಿನ ದಪ್ಪ ಬೆನ್ನು, ಹಿಂದೆ ನೀರಿನ ಗೋಡೆ.

“ನಿಧಾನ. ಅದು ಓಡಲಿ, ನೀ ಓಡಬೇಡ.”

ಎಡಕ್ಕೆ ಬಂಡೆ ತೋರಿ ಮರೆಯಾಯಿತು. ಹಿಂದಿನ ಗೋಡೆ ಒಡೆದು ದೋಣಿಗೆ ಅರ್ಧ ನೀರು ಸುರಿಯಿತು. ಉಮಾ ಖಾಲಿ ಬ್ಯಾಗಿನಿಂದಲೇ ನೀರು ಮೊಗೆದು ಚೆಲ್ಲಿದಳು.

“ಬಿಡಬೇಡ. ಹಾಂಗೇ. ಹಾಂಗೇ ಹಿಡ್ಕ, ತಮಾ.”

ದೋಣಿ ಒಮ್ಮೆ ಓರೆಯಾಯಿತು, ನೆಟ್ಟಗಾಯಿತು. ಆಮೇಲೆ ಇದ್ದಕ್ಕಿದ್ದಂತೆ ನದಿಯ ಕೆಂಚು ನೀರು, ಸೇತುವೆಯ ಮೇಲೆ ಹೋಗುವ ಲಾರಿಯ ಹಾರ್ನು.

ಹೊನ್ನಾವರದ ಆಸ್ಪತ್ರೆಯ ಜಗಲಿಯಲ್ಲಿ ಇಬ್ಬರೂ ಸಂಜೆಯವರೆಗೆ ಕೂತರು. ಮಂಜಣ್ಣನ ಹೆಂಡತಿ ಗಣಪಿ ಬಂದಳು. ಯಾರನ್ನೂ ಬೈಯಲಿಲ್ಲ. ಮೂಲೆಯಲ್ಲಿ ನೀರು ಸೋರಿಸುತ್ತ ಬಿದ್ದಿದ್ದ ಬ್ಯಾಗನ್ನು ಒಮ್ಮೆ ನೋಡಿ, “ಇದು ಯಾರದ್ದು?” ಎಂದು ಕೇಳಿದಳು.

“ನಂದು, ಅಕ್ಕಾ,” ಎಂದ ಸುದರ್ಶನ. ಅದಕ್ಕಿಂತ ಹೆಚ್ಚು ಹೇಳಲು ಅವನ ಬಳಿ ಯಾರ ದನಿಯೂ ಇರಲಿಲ್ಲ.

ಎರಡು ಬೆರಳು ಹೋದವು. ಮೂರು ಉಳಿದವು. ಅಲುಗದಂತೆ ಕಟ್ಟಿ ತಂದದ್ದು ಒಳ್ಳೆಯದಾಯಿತು ಎಂದು ಡಾಕ್ಟರು ಹೇಳಿದರು. ಬಲೆಯ ಸೂಜಿ ಹಿಡಿಯಲು ಮೂರು ಬೆರಳು ಸಾಕಾಗುತ್ತವೆಯೇ ಎಂದು ಕೇಳಲು ಹೊರಟ ಸುದರ್ಶನ, ಕೇಳದೆ ಒಳಗೆ ನಡೆದ.

ಮಂಚದ ಹತ್ತಿರ ಹೋಗಿ, “ತಪ್ಪಾತು, ಮಂಜಣ್ಣ. ನೀ ಹೇಳಿದ್ದೆ,” ಎಂದ.

ಮಂಜಣ್ಣ ಎಡಗೈ ಊರಿ ದಿಂಬಿಗೆ ಒರಗಿದ. “ಒಂದೇ ಸಲ ಹೇಳ್ದೆ. ಕಲ್ಲಿನ ಹತ್ರ ಇನ್ನೊಂದು ಸಲ ಹೇಳೂಕೆ ಬಾಯಿ ಬಿಟ್ಟಿದ್ದೆ. ಮತ್ತೆ ನಗ್ತ್ರು ಅಂತ ಬಿಟ್ಟೆ.”

ಸುದರ್ಶನ ತಲೆ ತಗ್ಗಿಸಿದ. ನಗಲು ಆ ಕಲ್ಲಿನ ಹತ್ತಿರ ಯಾರಿದ್ದರು?

“ಚಿತ್ರ ಉಳೀತಾ?” ಎಂದು ಮಂಜಣ್ಣನೇ ಕೇಳಿದ. “ತೋರ್ಸು. ಇಪ್ಪತ್ತೈದು ವರ್ಷ ನಾ ಆ ಕಲ್ಲು ಸುತ್ತಿದ್ದೆ. ದೋಣಿ ಬಿಟ್ಟು ಒಳಗೆ ಹೋಗೂಕೆ ಎಲ್ಲಾಗ್ತದೆ?”

ಉಮಾ ಕ್ಯಾಮೆರಾ ತಂದಳು. ಸುದರ್ಶನ ಮಂಚದ ಅಂಚಿಗೆ ಕೂತು ಒಂದೊಂದೇ ಚಿತ್ರ ಸರಿಸಿದ. ಮಂಜಣ್ಣ ಕತ್ತು ಚಾಚಿ ನೋಡಿದ. ಮರಿಗಳಿದ್ದ ಗೂಡು ಬಂದಾಗ ನಿಲ್ಲಿಸಲು ಹೇಳಿದ, ಮತ್ತೆ ಮುಂದಕ್ಕೆ ಎಂದ. ಕೊನೆಯ ಚಿತ್ರದಲ್ಲಿ ಅವನ ಕಟ್ಟು ಹಾಕಿದ ಬಲಗೈ ತಾನಾಗಿ ಮೇಲೆದ್ದಿತು, ಅರ್ಧದಲ್ಲಿ ನಿಂತಿತು. ನಿಧಾನಕ್ಕೆ ಎಡಗೈ ಬಂತು. ಗೋಡೆ ಬಿರಿದಿದ್ದ ಸಂದಿಯ ನೆರಳಿನ ಮೇಲೆ ಬೆರಳಿಟ್ಟ.

“ಎಷ್ಟು ಬರ್ದ್ರಿ, ಅಕ್ಕೋರೆ?”

“ಮೂವತ್ತೊಂದು.”

“ಇಲ್ಲಿ ಇನ್ನೊಂದು ಅದೆ.”

ಸುದರ್ಶನ ಚಿತ್ರ ಹಿಗ್ಗಿಸಿದ. ನೆರಳಿನೊಳಗೆ ಅರ್ಧ ಬೊಗಸೆಯಂಥ ಅಂಚು, ಅಂಚಿನ ಮೇಲೆ ಒಂದು ಸಣ್ಣ ಕೊಕ್ಕು. ಉಮಾ ಪುಸ್ತಕ ಬಿಡಿಸಿ ಮೂವತ್ತೊಂದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಮೂವತ್ತೆರಡು ಎಂದು ಬರೆದಳು.