ಅಕ್ಕನ ಲೈಸೆನ್ಸ್

ಎರಡು ಪಾಳಿ ಒಟ್ಟಿಗೆ ದುಡಿದ ದಿನ ಇಡೋಯಾ ಒಬ್ಬ ಮುದುಕನಿಗೆ ತಪ್ಪು ಇಂಜೆಕ್ಷನ್ ಕೊಟ್ಟಿದ್ದಳು. ಮುದುಕ ಬದುಕಿಕೊಂಡ. ಆಸ್ಪತ್ರೆ ಕೈತೊಳೆದುಕೊಂಡಿತು, ನರ್ಸಿಂಗ್ ಲೈಸೆನ್ಸ್ ಹೋದದ್ದು ಇವಳದು. ಅದರ ಹಿಂದೆಯೇ ಮಗಳು ಜೋಸಿಯೂ ಹೋದಳು, ಒರೆಗಾನ್ ರಾಜ್ಯದಲ್ಲಿದ್ದ ಅಪ್ಪನ ಮನೆಗೆ.

"ಇಲ್ಲೇ ಒಂದು ಕೆಲಸ, ಮನೆ ಮಾಡ್ಕೊ. ಮಗೂನ ನಿನ್ ಹತ್ರಾನೇ ಬಿಡ್ತೀನಿ," ಎಂದಿದ್ದ ಮಾಜಿ ಗಂಡ.

"ಬೇಗ ಬಾರಮ್ಮಾ," ಎಂದು ಜೋಸಿ ಫೋನ್ ಕಿತ್ತುಕೊಂಡಿದ್ದಳು, "ಅಪ್ಪ ಮಾಡೋ ಪ್ಯಾನ್‌ಕೇಕ್ ತಿಂದ್ರೆ ಹಲ್ಲೇ ಮುರಿಯತ್ತೆ!" ನಗಿಸಲು ಹೇಳಿದ್ದಳು, ಪಾಪ. ಇಡೋಯಾ ಫೋನ್ ಇಟ್ಟು ಬಿಕ್ಕಿಬಿಕ್ಕಿ ಅತ್ತಳು.

ಆ ವರ್ಷದ ಮಾರ್ಚ್‌ನಲ್ಲಿ ಅಕ್ಕ ಅಮಾಯಾ ಪಕ್ಕದ ಐಡಹೋ ರಾಜ್ಯದ ಬಾಯ್ಸಿಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಳು. ಅವಳೂ ನರ್ಸ್, ಕೆಲಸ ಸಿಕ್ಕಲ್ಲಿಗೆ ಊರೂರು ತಿರುಗುತ್ತಿದ್ದವಳು. ಅವಳ ಐಡಹೋ ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿತ್ತು. ಅದರ ಆಧಾರದ ಮೇಲೆ ಒರೆಗಾನ್ ಮರುಪರೀಕ್ಷೆಯಿಲ್ಲದೆ ತನ್ನದೊಂದು ಲೈಸೆನ್ಸ್ ಕೊಡುತ್ತದೆ.

ಇಡೋಯಾ ಒಂದೊಂದನ್ನೇ ತೂಗಿ ನೋಡಿದಳು. ಅಕ್ಕ ಸತ್ತಳೆಂದು ಯಾರಾದರೂ ತಿಳಿಸುವವರೆಗೆ ನರ್ಸಿಂಗ್ ಮಂಡಳಿಗೆ ಅವಳು ಬದುಕಿರುವವಳೇ. ಪತ್ರಿಕೆಗೂ ಸುದ್ದಿ ಕೊಟ್ಟಿರಲಿಲ್ಲ. ಮುಖ ಇಬ್ಬರದೂ ಒಂದೇ ಅಚ್ಚು. ಬೆರಳಚ್ಚು ಕೇಳುವುದು ಅಪರಾಧದ ದಾಖಲೆ ನೋಡಲು. ಅಕ್ಕತಂಗಿಯರಿಬ್ಬರೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವರಲ್ಲ. ಅಕ್ಕನ ಸಹಿಯಂತೂ ಶಾಲೆಯ ದಿನಗಳಿಂದ ಕೈಗೆ ರೂಢಿ. ತಪ್ಪೆನಿಸಿತು, ಸಂಕಟವೂ ಆಯಿತು. ಆದರೆ ಅಕ್ಕ ಇದ್ದಿದ್ದರೆ "ತಗೊಳ್ಳೇ ಪೆದ್ದಿ" ಎಂದು ತಾನೇ ಕೈಗಿಡುತ್ತಿದ್ದಳು. ಮೈಮೇಲಿನ ಸ್ವೆಟರ್ ಬಿಚ್ಚಿ ತಂಗಿಗೆ ತೊಡಿಸಿದವಳು ಅವಳು.

ಎಲ್ಲವೂ ಹೂವೆತ್ತಿದಷ್ಟು ಸಲೀಸಾಗಿ ಆಯಿತು. ಅಕ್ಕನ ಹೆಸರಿಗೆ ಒರೆಗಾನ್ ಲೈಸೆನ್ಸ್ ಬಂತು, ಎರಡು ರಾಜ್ಯಗಳ ಗಡಿಯಂಚಿನ ಪುಟ್ಟ ಆಸ್ಪತ್ರೆಯಲ್ಲಿ ಕೆಲಸವೂ ಸಿಕ್ಕಿತು. ಜೋಸಿಗೆಂದು ಕೋಣೆಗೆ ಹಳದಿ ಬಣ್ಣ ಹೊಡೆದಿಟ್ಟು ಇಡೋಯಾ ಮೊದಲ ದಿನದ ಡ್ಯೂಟಿಗೆ ಹೋದಳು.

ಹೆಡ್ ನರ್ಸ್ ರುಥಾನ್, ತಲೆ ನರೆತ ಹೆಂಗಸು, ಬ್ಯಾಡ್ಜ್ ಹಿಡಿದು ಕರೆದಳು: "ಅಮಾಯಾ ಲಾರಾಲ್ಡೆ?"

"ಇದ್ದೀನಿ, ಮೇಡಂ."

ರುಥಾನ್ ಬ್ಯಾಡ್ಜ್ ಕೊಡಲಿಲ್ಲ. ನರ್ಸ್ ಒಬ್ಬಳು ಸತ್ತರೆ, ಆ ಕಡೆಯ ವಾಡಿಕೆಯಂತೆ, ಅಂತ್ಯಕ್ರಿಯೆಗೆ ಸುತ್ತಲಿನ ನರ್ಸ್‌ಗಳು ಬಿಳಿ ಉಡುಪು ತೊಟ್ಟು ಬರುತ್ತಾರೆ. ದೀಪ ಹಚ್ಚಿ, ಡ್ಯೂಟಿಗೆ ಕರೆಯುವಂತೆ ಅವಳ ಹೆಸರು ಕೂಗಿ, ಉತ್ತರ ಬಾರದಾಗ ದೀಪ ಆರಿಸುತ್ತಾರೆ. ಪಾದ್ರಿ ಹೇಳಿಕಳಿಸಿದ್ದರಿಂದ ಅಕ್ಕನ ಅಂತ್ಯಕ್ರಿಯೆಗೂ ಗಡಿ ದಾಟಿ ನಾಲ್ವರು ಬಂದಿದ್ದರು. ಇಡೋಯಾ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದಳು, ಆ ನಾಲ್ವರ ಮುಖಗಳನ್ನು ಮಾತ್ರ ಬಿಟ್ಟು. ಅಂದು ಅವಳು ಅಳುತ್ತ ತಲೆಯನ್ನೇ ಎತ್ತಿರಲಿಲ್ಲ. "ಅವತ್ತು ನಾನೇ ಮೂರು ಸಲ ಕರೆದೆ, ಮಗಳೇ," ಎಂದಳು ರುಥಾನ್ ಮೆಲ್ಲಗೆ. "ಯಾರೂ ಓಗೊಡಲಿಲ್ಲ."