ಹೊಳೆಯುವ ಕರಡಿಗೆ

ಸೋಮಲಿಂಗ ಮಗಳನ್ನು ಎತ್ತಿಕೊಂಡು ದವಾಖಾನೆಯ ಮೆಟ್ಟಿಲೇರಿ ಬಂದಾಗ ನೇತ್ರಾ ಗಂಡನ ಮುಖ ನೋಡಲಿಲ್ಲ. ಮಗಳ ಕುತ್ತಿಗೆ ನೋಡಿದಳು.

ಮತ್ತೆ ಅದೇ! ಕೆಂಪು ದದ್ದು ಅಂಗಿಯ ಅಂಚು ದಾಟಿ ಮೇಲೇರಿತ್ತು.

"ಎರಡ ದಿವಸ ನಿಮ್ಮ ಮನ್ಯಾಗ ಇದ್ದರ ಸಾಕು ನೋಡ್ರಿ," ಎಂದಳು, ಸರದಿಗೆ ಕುಳಿತ ಹತ್ತು ಜನಕ್ಕೂ ಕೇಳುವಂತೆ. "ನಿಮ್ಮವ್ವ ಕೂಸಿನ ಮೈ ತೊಳೀತಾಳೋ, ದನದ ಬಾಜೂಕ ಮಲಗಸ್ತಾಳೋ?"

ಸೋಮಲಿಂಗ ಬಾಯಿ ತೆರೆದ. ಮಗಳ ಎದೆಯ ಮೇಲೆ ಮಿನುಗುತ್ತಿದ್ದ ಲಿಂಗದ ಕರಡಿಗೆಯನ್ನು ಒಮ್ಮೆ ನೋಡಿ ಸುಮ್ಮನಾದ.

ಆ ಮೌನವನ್ನು ಅವಳು ತಪ್ಪೊಪ್ಪಿಗೆಯೆಂದೇ ಬಗೆದಳು.

ಪಾರಿಶ್ವಾಡದ ಗಂಡನ ಮನೆ ತೊರೆದು ಶಿವಬಸವ ನಗರದಲ್ಲಿ ಬಾಡಿಗೆ ಕೋಣೆ ಹಿಡಿದು ಅವಳಿಗೆ ಮೂರು ತಿಂಗಳಾಗಿತ್ತು. ಮುನಿಸು ಹುಟ್ಟಿದ್ದು ಒಂದೇ ಮಾತಿನಿಂದ. ಮಗಳು ಸಮೃದ್ಧಿಯ ಇಷ್ಟಲಿಂಗವಿಡುವ ಹಳೆಯ ಬೆಳ್ಳಿ ಕರಡಿಗೆಯನ್ನು ತೋರಿಸಿ ಅತ್ತೆ ಶಿವಲಿಂಗವ್ವ, "ನಮ್ಮ ಮನಿತನದ್ದವಾ, ಜ್ವಾಕಿ" ಎಂದಿದ್ದಳು.

'ನಮ್ಮ' ಮನೆತನ... ಹಾಗಾದರೆ ನಾನು ಯಾರು?

ಹೊರಟ ದಿನ ಲಿಂಗವನ್ನಷ್ಟೇ ವಸ್ತ್ರದಲ್ಲಿ ಕಟ್ಟಿಕೊಂಡು, ಕರಡಿಗೆಯನ್ನು ಗೋಡೆಯ ಗೂಡಿನಲ್ಲೇ ಬಿಟ್ಟು ಬಂದಳು. ಬಟ್ಟೆ ಅಂಗಡಿಯ ಮೊದಲ ಪಗಾರದಲ್ಲಿ ಹೊಸದು ಕೊಂಡಳು. ಹಳೆಯದಕ್ಕಿಂತ ಎರಡು ಪಟ್ಟು ಹೊಳಪು! ವಾರವಿಡೀ ಅದು ದೇವರ ಜಗಲಿಯ ಮೇಲಿರುತ್ತಿತ್ತು. ಶನಿವಾರ ಮಗಳು ಪಾರಿಶ್ವಾಡಕ್ಕೆ ಹೊರಟಾಗ ಮಾತ್ರ ಕೊರಳೇರುತ್ತಿತ್ತು. ಅತ್ತೆ ನೋಡಲಿ ಎಂದು.

ಈ ಸೋಮವಾರ ಅವಳು ಬಂದದ್ದು ಮದ್ದಿಗಷ್ಟೇ ಅಲ್ಲ. ಆ ಮನೆಯೇ ಕಾರಣವೆಂದು ಡಾಕ್ಟರು ಬರೆದುಕೊಟ್ಟರೆ ಸಮೃದ್ಧಿ ಇನ್ನು ಅಪ್ಪನ ಹೊಸ್ತಿಲು ತುಳಿಯುವುದಿಲ್ಲ. ಅದನ್ನು ಅವನ ಕಿವಿಗೇ ಕೇಳಿಸಬೇಕೆಂದು, ಮಗಳನ್ನು ಊರಿನಿಂದ ನೇರವಾಗಿ ಇಲ್ಲಿಗೇ ಕರೆತರಲು ಹೇಳಿದ್ದಳು.

ಡಾಕ್ಟರ್ ಶಮಶಾದ ಅವರು ಮಗುವಿನ ಊಟದ ಬಗ್ಗೆ, ಸಾಬೂನಿನ ಬಗ್ಗೆ, ಹಾಸಿಗೆಯ ಬಗ್ಗೆ ಕೇಳಿದರು. ಊರಿಗೆ ಹೋಗಿ ಬಂದಾಗಲೆಲ್ಲ ದದ್ದು ಏಳುತ್ತದೆ, ಮುಂದಿನ ಶನಿವಾರದೊಳಗೆ ಆರುತ್ತದೆ ಎಂದು ನೇತ್ರಾ ತಾರೀಖು ಸಮೇತ ಒಪ್ಪಿಸಿದಳು.

ಅವರು ಮಗುವಿನ ಕರಡಿಗೆಯನ್ನು ಪಕ್ಕಕ್ಕೆ ಸರಿಸಿದರು. ಅದರಡಿ ಚರ್ಮ ದುಂಡಗೆ, ಕಡುಗೆಂಪಾಗಿ ಉಬ್ಬಿತ್ತು. ಕರಡಿಗೆಯನ್ನು ಮೆಲ್ಲಗೆ ಮತ್ತೆ ಅಲ್ಲಿಗೇ ತಂದರು.

ಪಾತ್ರೆಗೆ ಮುಚ್ಚಳ ಕೂತಂತೆ ಕೂತಿತು.

"ಇದು ಬೆಳ್ಳಿ ಅಲ್ಲ ತಂಗಿ, ಗಿಲೀಟು, ಮ್ಯಾಲ ಬರೇ ಲೇಪ. ಬೆವರು ತಾಗಿ ಕೂಸಿನ ಮೈಗೆ ಹತ್ತಾಕತ್ತೈತಿ. ಯಾರ ತಂದ್ರು ಇದನ್ನ?"

ನೇತ್ರಾ ಆ ಕರಡಿಗೆಯನ್ನೇ ನೋಡಿದಳು. ಮಗಳು ಬಂದೊಡನೆ ಬಾಗಿಲಲ್ಲೇ ಅದನ್ನು ಬಿಚ್ಚಿ, ಒರೆಸಿ, ಜಗಲಿಗೇರಿಸುತ್ತಿದ್ದಳು. ತನ್ನ ಕೈಯಾರೆ ಕಟ್ಟಿದ್ದು, ತನ್ನ ಕೈಯಾರೆ ಬಿಚ್ಚಿದ್ದು... ಅದೇ ಕೈಯಿಂದ ಇನ್ನೊಬ್ಬರತ್ತ ಬೆರಳು ಮಾಡಿದ್ದು.

"ನಾವ ತಂದದ್ದರಿ," ಎಂದ ಸೋಮಲಿಂಗ.

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಡಾಕ್ಟರ ಕೋಣೆಯಿಂದ ಹೊರಬಂದೊಡನೆ ಅವಳು ನಿಂತಳು. "ಯಾಕ ಹಂಗಂದ್ರಿ? ನಾ ತಂದದ್ದದು."

"ಬೆಳ್ಳಿ ಅಲ್ಲಂತ ಅವ್ವ ಮೊದಲನೇ ದಿನಾನ ಅಂದ್ಲು. ನಾನ ಆಕೀ ಬಾಯಿ ಮುಚ್ಚಸಿದೆ. ನೀ ಮೊದಲ ಪಗಾರದಾಗ ಆಸೆಲೆ ತಂದಿದ್ದಿ... ಹೆಂಗ ಹೇಳ್ಲಿ?" ಅವನ ದೃಷ್ಟಿ ನೆಲದಲ್ಲಿತ್ತು. "ದದ್ದು ಅದರಿಂದಂತ ನನಗೂ ಹೊಳೀಲಿಲ್ಲ. ಹೇಳಿದ್ದರ ಕೂಸಿಗೆ ಇಷ್ಟ ಆಗತಿರ್ಲಿಲ್ಲ. ತಪ್ಪು ನಂದೂ ಐತಿ."

ಅಂದರೆ, ಆಗ ಅವನು ನುಂಗಿದ ಮಾತು ಇದೇ. ನುಂಗಿದ್ದು ಅವಳ ಮಾನಕ್ಕಾಗಿ.

ನೇತ್ರಾ ಸರದಿಯವರತ್ತ ತಿರುಗಿದಳು. ದನಿ ಹತ್ತೂ ಜನಕ್ಕೆ ಕೇಳಿಸಿತು. "ಆಗಳೆ ನಾ ಅಂದದ್ದು ಖರೇ ಅಲ್ಲರಿ. ಇವರ ಮನ್ಯಾಗ ಏನೂ ತಪ್ಪಿಲ್ಲ. ನಂದ ತಪ್ಪು."

ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಸೆರಗು ಸರಿಪಡಿಸಿಕೊಂಡಳು. "ನಮ್ಮ ಮುಂದ ಹೇಳಿ ಏನ್ ಮಾಡ್ತಿಯವಾ? ನಿಮ್ಮತ್ತಿ ಮುಂದ ಹೇಳ ಹೋಗು."

ಯಾರೋ ನಕ್ಕರು. ನೇತ್ರಾ ನಗಲಿಲ್ಲ, ಗಿಲೀಟಿನ ಕರಡಿಗೆಯಿಂದ ಲಿಂಗವನ್ನು ತೆಗೆದು ವಸ್ತ್ರದಲ್ಲಿ ಸುತ್ತಿ ಎದೆಗವಚಿಕೊಂಡಳು.

"ಹಳೇದು...?"

"ಗೂಡಿನಾಗ ಐತಿ. ಅವ್ವ ದಿನಾ ಒರಸಿ ಇಡ್ತಾಳ."

ಅವಳ ಕಣ್ಣು ತುಂಬಿತು. "ಖಾನಾಪುರದ ಬಸ್ಸಿಗೆ ಊರಿಗೆ ಹೋಗೂಣ್ರಿ. ಅತ್ತಿ ಮುಂದ ಹೇಳಬೇಕು."

"ಹೇಳೂದೇನ ಬ್ಯಾಡ. ಹಳೇದನ್ನ ಕೂಸಿನ ಕೊರಳಿಗೆ ಕಟ್ಟಂದ್ರ ಸಾಕು, ಆಕಿ ತಾನ ತಿಳಕೋತಾಳ."

"ಇಲ್ಲ. ಬಾಯಿ ಬಿಟ್ಟು ಹೇಳ್ತೀನಿ." ಅವಳು ಮೊದಲ ಬಾರಿಗೆ ಅವನ ಮುಖ ನೋಡಿದಳು. "ನೀವು ಬಾಜೂಕ ನಿಂದರ್ರಿ. ಅಷ್ಟ ಸಾಕು."

ಸೋಮಲಿಂಗ ನಿದ್ದೆಗಿಳಿದ ಮಗಳನ್ನು ಎಡ ಹೆಗಲಿಗೆ ಸರಿಸಿ, ಬಲಗೈ ಚಾಚಿದ.

"ನಿಂತೀನಲ್ಲ," ಎಂದ.