ಮುಟ್ಟಾಳೆಯೊಳಗಿನ ಜೇಡ

ವಸುಮತಿಯ ಹತ್ತಿರ ಗಂಡು ಜೇಡ ಇರಲಿಲ್ಲ.

ಹೆಣ್ಣು ಎರಡಿದ್ದವು. ಅವಳು ಪಾಠ ಮಾಡುತ್ತಿದ್ದ ಪುತ್ತೂರಿನ ಕಾಲೇಜಿನ ಪ್ರಯೋಗಾಲಯದಲ್ಲಿ, ಸ್ಪಿರಿಟ್ ತುಂಬಿದ ಗಾಜಿನ ಟ್ಯೂಬಿನೊಳಗೆ ಇದ್ದವು. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡವು, ಬೆನ್ನ ಮೇಲೊಂದು ಬಿಳಿ ಪಟ್ಟಿ. ಎರಡು ವರ್ಷದ ಹಿಂದೆ ಕೊಲ್ಲಮೊಗ್ರಿನ ಮೇಲಿನ ಕಾಡಿನಲ್ಲಿ ಸಿಕ್ಕಿದವು. ಇದು ಲೋಕಕ್ಕೇ ಹೊಸ ಜಾತಿ ಎಂದು ಅವಳಿಗೆ ಅನಿಸಿತ್ತು. ಕಲ್ಕತ್ತೆಯ ತಜ್ಞರೊಬ್ಬರಿಗೆ ಹಾಗೆ ಅನಿಸಿರಲಿಲ್ಲ. ಗಂಡನ್ನು ತೋರಿಸಿ, ಆಮೇಲೆ ಮಾತಾಡೋಣ ಎಂದಿದ್ದರು. ಇಂಥ ಜೇಡಗಳ ಜಾತಿ ಖಚಿತವಾಗುವುದು ಗಂಡಿನ ಮುಖದ ಮುಂದಿರುವ ಎರಡು ಗಿಡ್ಡ ಕೈಗಳ ತುದಿಯಿಂದ. ಬೀಗಕ್ಕೊಂದು ಕೀಲಿಕೈ ಇದ್ದ ಹಾಗೆ ಒಂದೊಂದು ಜಾತಿಗೆ ಒಂದೊಂದು ಆಕಾರ.

೧೯೭೯ರ ಜೂನ್ ಮೊದಲ ವಾರ. ಅವಳಿಗೆ ಬಳ್ಳಾರಿಗೆ ವರ್ಗವಾಗಿತ್ತು, ತಿಂಗಳ ಕೊನೆಗೆ ಅಲ್ಲಿ ಹಾಜರಾಗಬೇಕು. ಬಳ್ಳಾರಿಯಿಂದ ಈ ಕಾಡಿಗೆ ಮತ್ತೆ ಬರುತ್ತೇನೆ ಎನ್ನುವುದು ಬರೀ ಬಾಯಿಮಾತು. ಸಿಕ್ಕಿದರೆ ಈ ಸಲ ಸಿಗಬೇಕು.

ಇಚಿಲಂಪಾಡಿಯ ಪತ್ರೋಸ್ ಜೀಪು ತಂದ. ರಬ್ಬರ್ ಕೃಷಿಕ. ಮಳೆ ಹಿಡಿದ ಮೇಲೆ ಮರದ ಹಾಲು ಇಳಿಸುವ ಟ್ಯಾಪಿಂಗ್ ನಿಂತು ಅವನಿಗೆ ಕೈ ಖಾಲಿ. ಅವನ ಮಗಳು ಮೋಳಿ ವಸುಮತಿಯ ಹತ್ತಿರ ಓದಿದವಳು. ಕೊಲ್ಲಮೊಗ್ರಿನಲ್ಲಿ ದೇರಣ್ಣ ಕಾಯುತ್ತಿದ್ದ. ಕಾಡಂಚಿನಲ್ಲಿ ಗದ್ದೆ ಮಾಡಿಕೊಂಡಿದ್ದ ಅವನಿಗೆ ಮೇಲಿನ ದಾರಿ ಗೊತ್ತಿತ್ತು. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ. ಬೀಡಿ, ಬೆಂಕಿಪೆಟ್ಟಿಗೆ, ಮಳೆಗೆ ನೆನೆಯಬಾರದ್ದೆಲ್ಲ ಆ ಟೊಪ್ಪಿಯ ಒಳಗೆ.

"ಟೀಚರೇ, ಒಂದು ಗಂಡು ಹುಡುಕ್ಲಿಕ್ಕೆ ಮೂರು ಜನ ಬೇಕಾ?" ಪತ್ರೋಸ್ ಕೇಳಿದ. "ನಮ್ಮ ಮೋಳಿಗೆ ಒಬ್ಬ ಬ್ರೋಕರ್ ಸಾಕಾಯ್ತು."

"ಆ ಗಂಡು ಬಸ್ಸಲ್ಲಿ ಬಂದ. ಇವನು ಬರುದಿಲ್ಲ," ಎಂದಳು ವಸುಮತಿ.

ದೇರಣ್ಣ ತೆಂಗಿನ ಗೆರಟೆಯಲ್ಲಿ ಹೊಗೆಸೊಪ್ಪು, ಸುಣ್ಣ ಕಲಸಿ ಎಲ್ಲರ ಕಾಲಿಗೂ ಬಳಿಯಲು ಕೊಟ್ಟ. ಇಂಬಳದ ಕಾಡು, ನೆತ್ತರು ಹೀರುವ ಜಿಗಣೆಗಳದ್ದು. ಹೊಗೆಸೊಪ್ಪಿನ ನೀರು ಇಲ್ಲದೆ ಅಲ್ಲಿ ಯಾರೂ ಹೆಜ್ಜೆ ಇಡುವುದಿಲ್ಲ.

ಹೊಳೆ ದಾಟಿ ಏರು ಹಿಡಿದರು. ಮೊದಲು ಬಿದಿರು, ಬೆತ್ತದ ಮುಳ್ಳು. ಆಮೇಲೆ ಬಿಸಿಲು ಕಾಣದ ಕಾಡು. ಮರಗಳ ಬೇರು ಆಳೆತ್ತರದ ಗೋಡೆಗಳಂತೆ ನೆಲದಿಂದ ಎದ್ದಿದ್ದವು. ಗೋಡೆ ಗೋಡೆಯ ನಡುವೆ ಕೋಣೆಯಂಥ ಕತ್ತಲೆ, ಅದರ ತುಂಬ ಹಸಿ ಪಾಚಿ. ಮಳೆ ನಿಂತರೂ ಮರಗಳು ನಿಲ್ಲಿಸುತ್ತಿರಲಿಲ್ಲ, ಎಲೆಯಿಂದ ಎಲೆಗೆ ನೀರು ಇಳಿಯುತ್ತಲೇ ಇತ್ತು. ಎಲ್ಲೋ ಮಂಗಟ್ಟೆ ಹಕ್ಕಿಯ ರೆಕ್ಕೆ ಗಾಳಿ ಸೀಳಿದ ಸದ್ದು. ವಸುಮತಿ ತಲೆ ಎತ್ತಲಿಲ್ಲ. ಅವಳಿಗೆ ಬೇಕಾದ ಲೋಕ ಮೊಣಕಾಲಿನ ಕೆಳಗಿತ್ತು.

ಪಾಚಿಯ ಮೇಲೆ ಅಂಗೈಯಗಲದ ಬಲೆಗಳು. ಮಂಜಿನ ಹನಿ ಕೂತು ಅವು ಕಾಣುತ್ತಿದ್ದವು. ಹೆಣ್ಣುಗಳು ಸಿಕ್ಕಿದವು, ಸ್ಪಿರಿಟ್ಟಿಗೆ ಬಿದ್ದವು. ಸಂಜೆಯ ಹೊತ್ತಿಗೆ ಒಂದು ಬಲೆಯ ಅಂಚಿನಲ್ಲಿ ಸಪೂರದ್ದೊಂದು ಕೂತಿತ್ತು. ವಸುಮತಿ ಕೊರಳಿಗೆ ಕಟ್ಟಿಕೊಂಡಿದ್ದ ಮಸೂರ ಹಿಡಿದಳು. ಮುಖದ ಮುಂದಿನ ಗಿಡ್ಡ ಕೈಗಳ ತುದಿ ಊದಿಕೊಂಡಿತ್ತು.

"ಗಂಡು!" ಎಂದಳು. ಮರುಕ್ಷಣ ಮುಖ ಇಳಿಯಿತು. "ಆದರೆ ಇನ್ನೂ ಹುಡುಗ."

"ಹುಡುಗ ಅಂದ್ರೆ ಎಂತ ಮಾರಾಯ್ರೆ?"

"ಇವನು ಕೊನೆಯ ಸಲ ಪೊರೆ ಬಿಡ್ಬೇಕು ದೇರಣ್ಣ. ಆಮೇಲೆಯೇ ಕೈಯ ಆಕಾರ ಕಾಣುದು. ಈಗ ಸ್ಪಿರಿಟ್ಟಿಗೆ ಹಾಕಿದ್ರೆ ದಂಡ. ನಾವು ಸ್ವಲ್ಪ ಬೇಗ ಬಂದೆವು."

"ಹಾಗಾದ್ರೆ ಸಾಕುವ," ಎಂದ ದೇರಣ್ಣ, ಕರುವಿನ ಸಂಗತಿ ಮಾತಾಡುವವನಂತೆ.

ಒದ್ದೆ ಪಾಚಿ ಇಟ್ಟ ಟ್ಯೂಬಿಗೆ ಜೇಡವನ್ನು ಇಳಿಸಿದರು. ಗಾಳಿಯಾಡಲೆಂದು ಹತ್ತಿಯ ಬಿರಡೆಯನ್ನು ದೇರಣ್ಣನೇ ಉರುಟು ಮಾಡಿ ಹಾಕಿದ. ಆ ರಾತ್ರಿ ಬಂಡೆಯಡಿ ಮಲಗಿದರು.

ಬೆಳಿಗ್ಗೆ ಜೇಡ ಎಂಟೂ ಕಾಲು ಮಡಚಿ ಅಂಗಾತ ಬಿದ್ದಿತ್ತು.

ವಸುಮತಿ ಬಿರಡೆ ತೆಗೆದು ನೋಡಿದಳು. ಹತ್ತಿ ಕಂದಾಗಿತ್ತು. ಮೂಸಿದಳು. ಹೊಗೆಸೊಪ್ಪು. ಇಂಬಳ ಹತ್ತಿರ ಬಾರದ ನಂಜು ಸಾಸಿವೆ ಕಾಳಿನಷ್ಟಿರುವ ಜೀವವನ್ನು ಬಿಡುತ್ತದೆಯೇ? ಅವಳಿಗೆ ನಿನ್ನೆಯೇ ಹೊಳೆಯಬೇಕಿತ್ತು, ಹೊಳೆದಿರಲಿಲ್ಲ.

"ನನ್ನ ಕೈಯಾ ಟೀಚರೇ?" ದೇರಣ್ಣ ಕೇಳಿದ.

"ನಾನು ಹೇಳ್ಬೇಕಿತ್ತು."

ದೇರಣ್ಣ ಬಂಡೆಯಿಂದ ಇಳಿಯುವ ನೀರಿನಲ್ಲಿ ಕೈಕಾಲನ್ನು ಮಣ್ಣು ಹಾಕಿ ತಿಕ್ಕಿದ. ಹೊಗೆಸೊಪ್ಪಿನ ಚೀಲವನ್ನು ಕೆಳಗಿನ ಕಮರಿಗೆ ಎಸೆದ. ಮುಟ್ಟಾಳೆ ತೆಗೆದು ಬೀಡಿಕಟ್ಟನ್ನೂ ಎಸೆದ.

"ಅಯ್ಯೋ ದೇವರೇ, ನನ್ನ ಕಾಲಿಗೆ ಬಳಿಯುವಷ್ಟಾದರೂ ಇಡ್ಬಾರ್ದಾ?" ಪತ್ರೋಸ್ ಬೊಬ್ಬೆ ಹೊಡೆದ.

"ನೀವೂ ತೊಳೀರಿ ಪತ್ರೋಸಣ್ಣ. ಇಂಬಳಕ್ಕೂ ಹಸಿವು ಉಂಟು," ಎಂದ ದೇರಣ್ಣ.

ಪತ್ರೋಸ್ ಗೊಣಗುತ್ತ ತೊಳೆದ. ವಸುಮತಿಯೂ ತೊಳೆದಳು.

ಆ ದಿನ ಇಂಬಳಗಳಿಗೆ ಮದುವೆ ಊಟ. ಬೆರಳ ಸಂದಿ, ಮೊಣಕಾಲ ಹಿಂದೆ, ಪತ್ರೋಸನ ಕಿವಿಯ ಬುಡ, ಎಲ್ಲ ಕಡೆ ಕೂತವು. ಕಿತ್ತರೆ ರಕ್ತ ನಿಲ್ಲುವುದಿಲ್ಲ, ಕೀಳದಿದ್ದರೆ ಕಣ್ಣಿಂದ ನೋಡಲಾಗುವುದಿಲ್ಲ. ವಸುಮತಿ ಬೇರಿನ ಗೋಡೆಗಳ ನಡುವೆ ಹೊಟ್ಟೆಯ ಮೇಲೆ ಮಲಗಿ ಹುಡುಕಿದಳು. ಹೆಣ್ಣು, ಮತ್ತೂ ಹೆಣ್ಣು. ಮಧ್ಯಾಹ್ನ ದಾಟಿ ಮೋಡ ಕವಿಯುವಾಗ ದೇರಣ್ಣ ಮೆಲ್ಲ ಕೂಗಿದ:

"ಟೀಚರೇ, ಇಲ್ಲೊಬ್ಬ ಹುಡುಗ ಉಂಟು. ನಾನು ಮುಟ್ಟಲಿಲ್ಲ."

ಅದೇ. ಊದಿದ ಗಿಡ್ಡ ಕೈ, ಬಿಳಿ ಪಟ್ಟಿ. ಈ ಸಲ ಬಿರಡೆಯನ್ನು ವಸುಮತಿ ಹಾಕಿದಳು. ಅಷ್ಟರಲ್ಲಿ ಮಳೆ ಬಿತ್ತು. ಬೀಳುವುದೆಂದರೆ ಸುರಿದು ಬಿತ್ತು.

ಓಡಿಳಿದರು. ಬರುವಾಗ ಮೊಣಕಾಲಿಗಿದ್ದ ಹೊಳೆ ಈಗ ಕೆಂಪಾಗಿ ಎದೆಯೆತ್ತರ ಹರಿಯುತ್ತಿತ್ತು. ಕಾದರೆ ಇನ್ನೂ ಏರುತ್ತದೆ. ಪತ್ರೋಸ್ ಹಗ್ಗ ಕಚ್ಚಿಕೊಂಡು ಮೊದಲು ಈಜಿ ದಾಟಿ ಆಚೆ ಮರಕ್ಕೆ ಕಟ್ಟಿದ. ಈಚೆ ತುದಿಯನ್ನು ದೇರಣ್ಣ ಕಟ್ಟಿದ.

"ಟ್ಯೂಬು ಕೊಡಿ," ಎಂದ. "ಬೀಡಿಯ ಜಾಗ ಖಾಲಿ ಉಂಟು."

ಮುಟ್ಟಾಳೆಯೊಳಗೆ ಬಾಳೆಎಲೆ ಹಾಸಿ, ಟ್ಯೂಬು ಇಟ್ಟು, ತಲೆಗೆ ಬಿಗಿದ. ವಸುಮತಿ ಮುಂದೆ, ದೇರಣ್ಣ ಹಿಂದೆ. ಒಂದು ಕೈ ಹಗ್ಗಕ್ಕೆ. ಇನ್ನೊಂದು ಕೈಯಲ್ಲಿ ಅವಳು ಚೀಲವನ್ನು ನೀರಿನ ಮೇಲೆ ಎತ್ತಿ ಹಿಡಿದಿದ್ದಳು. ದೇರಣ್ಣ ಮುಟ್ಟಾಳೆ ಹಿಡಿದಿದ್ದ.

ನಡುಹೊಳೆ.

ಒಂದು ದಿಮ್ಮಿ ಉರುಳಿಕೊಂಡು ಬಂತು. ದೇರಣ್ಣನ ಸೊಂಟಕ್ಕೆ ಬಡಿಯಿತು. ಹಗ್ಗ ತಪ್ಪಿತು.

ಅವನು ಎರಡೂ ಕೈ ಬಡಿದು ಈಜಬೇಕಿತ್ತು. ಈಜಲಿಲ್ಲ. ಒಂದು ಕೈ ತಲೆಯ ಮೇಲೆಯೇ ಇತ್ತು.

"ಬಿಡಿ ದೇರಣ್ಣ! ಮುಟ್ಟಾಳೆ ಬಿಡಿ!" ವಸುಮತಿ ಕಿರುಚಿದಳು.

ಬಿಡಲಿಲ್ಲ.

ಅವಳೇ ಬಿಟ್ಟಳು. ಚೀಲ ಬಿಟ್ಟ ಕೈ ಅವನ ಮಣಿಕಟ್ಟು ಹಿಡಿಯಿತು. ಹೊಳೆ ಇಬ್ಬರನ್ನೂ ಎಳೆಯಿತು, ಹಗ್ಗ ಬಿಲ್ಲಿನಂತೆ ಬಾಗಿತು. ಪತ್ರೋಸ್ ನೀರಿಗೆ ಹಾರಿ ದೇರಣ್ಣ ಉಟ್ಟಿದ್ದ ಮುಂಡು ಹಿಡಿದ. ಮುಂಡು ಬಿಚ್ಚಿ ಹೋಯಿತು. ಆಮೇಲೆ ರಟ್ಟೆ ಹಿಡಿದ. ಮೂವರೂ ದಡದ ಕೆಸರಿನಲ್ಲಿ ಬಿದ್ದರು.

ಕೋಮಣದಲ್ಲಿ ಕೂತಿದ್ದ ದೇರಣ್ಣ ಮೊದಲು ಮುಟ್ಟಾಳೆ ತೆಗೆದ. ಟ್ಯೂಬಿನಲ್ಲಿ ಸಾಸಿವೆ ಕಾಳು ಅಲುಗಿತು.

"ಇದ್ದಾನೆ," ಎಂದ.

"ಟೀಚರೇ, ನಿಜ ಹೇಳಿ," ಪತ್ರೋಸ್ ಏದುಸಿರು ಬಿಡುತ್ತ ಕೇಳಿದ. "ನೀವು ಹಿಡಿದದ್ದು ದೇರಣ್ಣನನ್ನೋ ಜೇಡವನ್ನೋ?"

ವಸುಮತಿಗೆ ಅಳು ಬಂದಿತ್ತು, ಅದು ಮಳೆಯಲ್ಲಿ ಕಾಣುತ್ತಿರಲಿಲ್ಲ.

ಪತ್ರೋಸ್ ಜೀಪಿನಲ್ಲಿ ಉಳಿದಿದ್ದ ಸ್ಪಿರಿಟ್ ಬಾಟಲಿ ಇಳಿಸಿಕೊಟ್ಟು ಊರಿಗೆ ಹೋದ. ಜೇಡ ಪೊರೆ ಬಿಡುವವರೆಗೆಂದು ವಸುಮತಿ ದೇರಣ್ಣನ ಮನೆಯಲ್ಲಿ ಉಳಿದಳು.

"ಇಷ್ಟು ವರ್ಷ ಆ ತಲೆಯಲ್ಲಿ ಹೇನು ಬಿಟ್ಟು ಬೇರೆ ಎಂತದೂ ಬಂದದ್ದಿಲ್ಲ," ಎಂದಳು ಅವನ ಹೆಂಡತಿ ಸೀತು. ಹಾಗೆ ಹೇಳಿದವಳೇ ಕಳಿತ ಹಲಸಿನ ಹಣ್ಣಿಗೆ ಮುತ್ತಿದ ನುಸಿಗಳನ್ನು ಹಿಡಿದು ತಂದು ಟ್ಯೂಬಿಗೆ ಬಿಟ್ಟಳು. ಮನೆಯಲ್ಲಿ ಯಾರೂ ಬೀಡಿ ಹೊತ್ತಿಸಲಿಲ್ಲ. ದೇರಣ್ಣ ಸೇದಬೇಕೆನಿಸಿದಾಗ ಗದ್ದೆಯ ಆಚೆ ಬದಿಗೆ ಹೋಗಿ, ಬರುವಾಗ ಮಿಂದು ಬರುತ್ತಿದ್ದ.

ಐದನೆಯ ದಿನ ಜೇಡ ತಿನ್ನುವುದು ಬಿಟ್ಟಿತು. ಆರನೆಯ ದಿನ ಮಧ್ಯಾಹ್ನ ಒಂದು ನೂಲಿಗೆ ತಲೆಕೆಳಗಾಗಿ ನೇತುಬಿತ್ತು. ಬೆನ್ನು ಬಿರಿಯಿತು. ಮೂವರೂ ಜಗಲಿಯಲ್ಲಿ ತಲೆಗೆ ತಲೆ ತಾಗಿಸಿ ಕೂತಿದ್ದರು. ಹಳೆಯ ಕಾಲಿನೊಳಗಿಂದ ಹೊಸ ಕಾಲು, ಅಂಗಿಯ ತೋಳಿನಿಂದ ಕೈ ಎಳೆದ ಹಾಗೆ, ಒಂದೊಂದಾಗಿ ಬಂತು. ಕೊನೆಯದು ಸಿಕ್ಕಿಕೊಂಡಿತು.

"ಎಳಿ ಮಗಾ," ಎಂದಳು ಸೀತು.

ಎಳೆದುಕೊಂಡಿತು.

ವಸುಮತಿ ಮಸೂರ ಹಿಡಿದಳು. ಗಿಡ್ಡ ಕೈಗಳ ತುದಿಯಲ್ಲಿ ಸುರುಳಿ ಸುತ್ತಿದ ಕೊಕ್ಕೆ, ಅದರ ಬುಡದಲ್ಲಿ ಪುಟ್ಟ ಹಲ್ಲು. ಅವಳು ನೋಡಿದ ಯಾವ ಚಿತ್ರದಲ್ಲೂ ಹೀಗಿರಲಿಲ್ಲ. ಮತ್ತೊಮ್ಮೆ ನೋಡಿದಳು.

"ಹೊಸದೇ," ಎಂದಳು.

ಸ್ವಲ್ಪ ಹೊತ್ತಿನ ಮೇಲೆ ದೇರಣ್ಣ ಕೇಳಿದ: "ಇನ್ನು ಸ್ಪಿರಿಟ್ಟಿಗಾ?"

"ಹೌದು ದೇರಣ್ಣ."

"ಇವತ್ತೇ?"

ಅವಳು ಅವನ ಮುಖ ನೋಡಿದಳು. "ಮೈ ಗಟ್ಟಿಯಾಗ್ಬೇಕು. ನಾಳೆ ಸಂಜೆ."

"ಹಾಗೆ ಮಾಡಿ. ಹೊಸ ಅಂಗಿ ಹಾಕಿದ್ದಾನೆ. ಒಂದು ದಿನ ಇರಲಿ."

ಮರುದಿನ ಸಂಜೆ ಪತ್ರೋಸನ ಜೀಪಿನ ಸದ್ದು ಕೇಳಿದಾಗ ವಸುಮತಿ ಕೆಲಸ ಮುಗಿಸಿದಳು. ದೇರಣ್ಣ ಆ ಹೊತ್ತಿಗೆ ದನ ಕಟ್ಟಲು ಹೋಗಿದ್ದ. ಬಿಟ್ಟ ಪೊರೆಯನ್ನು ಅವಳು ಬೆಂಕಿಪೆಟ್ಟಿಗೆಯಲ್ಲಿಟ್ಟು ಅವನಿಗೆ ಕೊಟ್ಟಳು. ಅವನು ತೆರೆದು ನೋಡಿ, ಮುಚ್ಚಿ, ಮುಟ್ಟಾಳೆಯೊಳಗೆ ಇಟ್ಟುಕೊಂಡ.

"ಹೆಸರು ಎಂತ ಇಡ್ತೀರಿ?" ಪತ್ರೋಸ್ ಕೇಳಿದ. "ದೇರಣ್ಣನದ್ದೇ ಇಡಿ."

"ಬೇಡ ಮಾರಾಯ್ರೆ. ಊರಿನದ್ದು ಇಡಿ."

ಊರಿನದ್ದೇ ಇಟ್ಟಳು. ಮುಂದಿನ ವರ್ಷ ಬಳ್ಳಾರಿಯಿಂದ ಕಳಿಸಿದ ವರ್ಣನೆ ಅಚ್ಚಾಯಿತು. ಎರಡು ಪುಟ, ಒಂದು ಕೊಕ್ಕೆಯ ಚಿತ್ರ. ಕಲ್ಕತ್ತೆಯವರು ಒಪ್ಪಿದರು. ಖರ್ಚಾದದ್ದನ್ನು ಬರೆಯಲು ಅದರಲ್ಲಿ ಜಾಗವಿರಲಿಲ್ಲ.

ಹೋದದ್ದು ಇಷ್ಟು: ಒಂದು ಚೀಲ, ಅದರೊಳಗಿದ್ದ ಟಾರ್ಚು, ಹನ್ನೊಂದು ಹೆಣ್ಣು ಜೇಡ. ಒಂದು ಮುಂಡು. ಒಂದು ಕಟ್ಟು ಬೀಡಿ, ಸ್ವಲ್ಪ ಹೊಗೆಸೊಪ್ಪು. ಮೂರು ಜನರ ಕಾಲಿನ ರಕ್ತ. ಗಂಡು ಜೇಡ, ಎರಡು.